ಹಡಗೇರಿ ಬಂದ ಉಪ್ಪಿನಕಾಯಿ ಭರಣಿ

ಕಳೆದ ಚಳಿಗಾಲದಲ್ಲಿ ನಮ್ಮ ಅಕ್ಕ ತನ್ನ ಆಯುಷ್ಯದಲ್ಲಿ ಎರಡನೆಯ ಸಲ ಹಡಗು ಹತ್ತಿದಳು. ಮೊದಲನೆಯ ಸಲ ಹತ್ತಿದ್ದು 1959ರಲ್ಲಿ, ಮಂಗಳೂರಿನ ಹಳೆಯ ಬಂದರಿನಿಂದ. ಆಗ ಅವಳಿಗೆ ಹತ್ತು ವರ್ಷ, ನಮಗೆ ಏಳು. ಈ ಸಲ ಅವಳ ಮಗ ಅವಳನ್ನು ಮುಂಬಯಿಯಿಂದ ಗೋವೆಗೆ ಹೋಗಿ ಬರುವ ವಿಹಾರದ ಹಡಗಿನಲ್ಲಿ ಕರೆದೊಯ್ದ. ಹಿಂದಿನ ದಿನ ಸಂಜೆ ನಾವು ಧಾರಾವಿಯ ಅವಳ ಮನೆಗೆ ಹೋದಾಗ ಅವಳು ಸ್ಟೀಲಿನ ಡಬ್ಬಿಯೊಂದಕ್ಕೆ ಮಿಡಿ ಉಪ್ಪಿನಕಾಯಿ ತುಂಬುತ್ತಿದ್ದಳು.

“ಅಮ್ಮಾ, ಅಲ್ಲಿ ಐವತ್ತು ಅರುವತ್ತು ಬಗೆ ಅಡಿಗೆ ಇರ್ತದೆ. ಇದೆಂತಕ್ಕೆ?” ಎಂದ ಮಗ.

“ಎಷ್ಟು ಬಗೆ ಇದ್ರೂ ನಂಚಿಕೊಳ್ಳಲಿಕ್ಕೆ ಇದು ಬೇಡವಾ? ಸಮುದ್ರ ಅಂದ್ರೆ ಎಂತದು ಅಂತ ನಿನಗೆ ಗೊತ್ತಿಲ್ಲ ಮಗಾ,” ಎಂದಳು ಅಕ್ಕ.

ಹುಡುಗ ನಕ್ಕ. ನಾವು ನಗಲಿಲ್ಲ. ಮುಂಬಯಿಯ ಕನ್ನಡಿಗರ ಇತಿಹಾಸವನ್ನು ಬರೆಯುವಾಗ ನಾವೆಲ್ಲ ಸಂಘಗಳು ಹುಟ್ಟಿದ ತೇದಿ, ಅಧ್ಯಕ್ಷರ ಹೆಸರು, ಕಟ್ಟಡಕ್ಕೆ ಕೂಡಿಸಿದ ನಿಧಿ ಇವನ್ನು ಬಹು ಶ್ರದ್ಧೆಯಿಂದ ಬರೆದಿದ್ದೇವೆ. 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರಲ್ಲಿ ಮೈಸೂರು ಅಸೋಸಿಯೇಷನ್ ಎಂದು ನೆನಪಿನಿಂದ ಹೇಳಬಲ್ಲವರು ನಮ್ಮಲ್ಲಿ ಉಂಟು. ಆದರೆ ಆ ಸಂಘಗಳನ್ನು ಕಟ್ಟಿದವರು ಹಡಗಿನಿಂದ ಇಳಿಯುವಾಗ ಕೈಯಲ್ಲಿ ಏನು ಹಿಡಿದಿದ್ದರು ಎಂಬುದನ್ನು ಬರೆದವರು ಕಡಿಮೆ. ಹಲವರ ಕೈಯಲ್ಲಿ ಇದ್ದದ್ದು ಒಂದು ಭರಣಿ. ಆ ಭರಣಿಯ ಕತೆಯನ್ನು ಒಮ್ಮೆ ಹೇಳಿಬಿಡೋಣವೆಂದು ಈ ಲೇಖನ.

ಮೊದಲು ಹಡಗಿನ ವಿಚಾರ. ಇಂದಿನ ಮಕ್ಕಳಿಗೆ ಮಂಗಳೂರಿನಿಂದ ಮುಂಬಯಿಗೆ ಬರಲು ಹಡಗೇಕೆ ಎಂಬ ಪ್ರಶ್ನೆ ಏಳಬಹುದು. ಮಂಗಳೂರಿಗೆ ರೈಲು 1907ರಲ್ಲೇ ಬಂದಿತ್ತು, ನಿಜ. ಆದರೆ ಅದು ಕೇರಳದ ಮೂಲಕ ಮದರಾಸಿನ ಕಡೆಗೆ ತಿರುಗಿದ ರೈಲು. ಅದರಲ್ಲಿ ಮುಂಬಯಿಗೆ ಬರುವುದೆಂದರೆ ಮೂಗು ಹಿಡಿಯಲು ಕೈಯನ್ನು ತಲೆಯ ಹಿಂದಿನಿಂದ ತಂದ ಹಾಗೆ. ಕರಾವಳಿಯ ಉದ್ದಕ್ಕೂ ಹತ್ತಾರು ನದಿಗಳು. ಸೇತುವೆಗಳಿಲ್ಲದ ಕಾಲದಲ್ಲಿ ಪ್ರತಿಯೊಂದಕ್ಕೂ ದೋಣಿ. ಸಮುದ್ರವೊಂದೇ ನೆಟ್ಟಗಿನ ದಾರಿ. ಆದ್ದರಿಂದ ತೆಂಕಣ ಕರಾವಳಿಯಿಂದ ಹೊಟ್ಟೆಪಾಡಿಗಾಗಿ ಹೊರಟ ಹುಡುಗರು, ಹೊಟೇಲಿನ ಮಾಣಿಗಳು, ಮೀನುಗಾರರು, ಗುಮಾಸ್ತರು ಎಲ್ಲರೂ ‘ಆಗಬೋಟು’ ಹತ್ತಿದರು. ಮರಾಠಿಯಲ್ಲಿ ‘ಆಗ’ ಎಂದರೆ ಬೆಂಕಿ. ಬೆಂಕಿ ಉರಿಸಿ ಹೋಗುವ ದೋಣಿ ಆಗಬೋಟು. ಬಾಂಬೆ ಸ್ಟೀಮ್ ನ್ಯಾವಿಗೇಶನ್ ಕಂಪೆನಿಯ ಹಡಗುಗಳು ಈ ಕರಾವಳಿಯಲ್ಲಿ ತಲೆಮಾರುಗಟ್ಟಲೆ ಓಡಾಡಿದವು. ಅದರ ಹೊಗೆಗೊಳವೆಯನ್ನು ದೂರದಲ್ಲಿ ಕಂಡರೆ ಊರಿನಲ್ಲಿ ಕೆಲವು ತಾಯಂದಿರಿಗೆ ಸಂತೋಷ, ಕೆಲವರಿಗೆ ಕಣ್ಣೀರು.

ನಾವು ಹೊರಟದ್ದು ಬೇಸಗೆಯಲ್ಲಿ. ತಂದೆಯವರು ಅದಕ್ಕೆ ಮೊದಲೇ ಶೀವಿನ ಸಮೀಪದ ಒಂದು ಹೊಟೇಲಿನಲ್ಲಿ ಕೆಲಸಕ್ಕಿದ್ದು, ಧಾರಾವಿಯ ಕಾಳಾ ಕಿಲ್ಲೆಯ ಆಚೆಗೆ ಒಂದು ಖೋಲಿ ಹಿಡಿದು, ‘ಮಕ್ಕಳನ್ನು ಕರಕೊಂಡು ಬಾ’ ಎಂದು ಕಾಗದ ಬರೆದಿದ್ದರು. ಮಂಗಳೂರಿನಲ್ಲಿ ಆಗ ಇಂದಿನ ಪಣಂಬೂರಿನ ದೊಡ್ಡ ಬಂದರು ಇರಲಿಲ್ಲ. ಅದು ಮಹಾಬಂದರೆಂದು ಘೋಷಿತವಾದದ್ದು 1974ರಲ್ಲಿ. ನೇತ್ರಾವತಿ, ಗುರುಪುರ ನದಿಗಳು ಕಡಲಿಗೆ ಬೀಳುವಲ್ಲಿ ಮರಳು ತುಂಬಿಕೊಳ್ಳುವುದರಿಂದ ದೊಡ್ಡ ಹಡಗು ದಡಕ್ಕೆ ಬರುವಂತಿರಲಿಲ್ಲ. ಅದು ಹೊರಗೆ ಆಳದ ನೀರಿನಲ್ಲಿ ನಿಲ್ಲುತ್ತಿತ್ತು; ಜನರನ್ನು, ಸಾಮಾನನ್ನು ದೋಣಿಯಲ್ಲಿ ಅಲ್ಲಿಗೆ ಒಯ್ಯಬೇಕು. ಆ ದೋಣಿಯಿಂದ ಹಡಗಿನ ಏಣಿಗೆ ಕಾಲಿಡುವುದಿದೆಯಲ್ಲ, ಅದೇ ಪ್ರಯಾಣದ ಕಠಿಣವಾದ ಭಾಗ. ದೋಣಿ ಏರುವಾಗ ಏಣಿ ಇಳಿದಂತೆ, ದೋಣಿ ಇಳಿಯುವಾಗ ಏಣಿ ಆಕಾಶಕ್ಕೆ ಹೋದಂತೆ ಕಾಣುತ್ತಿತ್ತು. ನಮ್ಮ ಅಮ್ಮ ಮಕ್ಕಳನ್ನು ಖಲಾಸಿಗಳ ಕೈಗೆ ಕೊಟ್ಟಳು. ಭರಣಿಯನ್ನು ಕೊಡಲಿಲ್ಲ. ಅದನ್ನು ಸೊಂಟಕ್ಕೆ ಅವಚಿಕೊಂಡೇ ಏಣಿ ಹತ್ತಿದಳು. ಈ ಮಾತನ್ನು ಅಕ್ಕ ಇಂದಿಗೂ ಅಮ್ಮನ ಮೇಲಿನ ದೂರಾಗಿ ಹೇಳುವುದುಂಟು.

ಭರಣಿಯನ್ನು ಪ್ರಯಾಣಕ್ಕೆ ಸಿದ್ಧಗೊಳಿಸುವುದೂ ಒಂದು ವಿದ್ಯೆ. ಕಂಠದವರೆಗೆ ತುಂಬಬಾರದು, ಹಡಗು ಹೊರಳಿದರೆ ರಸ ಉಕ್ಕುತ್ತದೆ. ಮುಚ್ಚಳದ ಮೇಲೆ ಬಟ್ಟೆ, ಅದರ ಮೇಲೆ ಮತ್ತೊಂದು ಬಟ್ಟೆ, ಬಾಳೆನಾರಿನ ಬಿಗಿ. ಆಮೇಲೆ ಬುಟ್ಟಿಯಲ್ಲಿ ಬೈಹುಲ್ಲಿನ ನಡುವೆ ಕೂರಿಸಬೇಕು. ನಮ್ಮ ದೋಣಿಯಲ್ಲಿಯೇ ಬಂದ ಇನ್ನೊಂದು ಕುಟುಂಬದ ಭರಣಿ ಏಣಿಯ ಬುಡಕ್ಕೆ ಬಡಿದು ಒಡೆಯಿತು. ಒಡೆದದ್ದು ಅವರದ್ದಾದರೂ ಎರಡು ದಿನ ನಾವೆಲ್ಲರೂ ಆ ಸಾಸಿವೆ, ಇಂಗಿನ ಪರಿಮಳದಲ್ಲೇ ಬಂದೆವು. ಆ ತಾಯಿ ಅತ್ತದ್ದನ್ನು ನೋಡಿ ‘ಬರೀ ಉಪ್ಪಿನಕಾಯಿಗೆ ಇಷ್ಟೊಂದೇ’ ಎಂದು ಬಾಲಬುದ್ಧಿಗೆ ಅನಿಸಿತ್ತು. ಅದು ‘ಬರೀ’ ಅಲ್ಲವೆಂದು ತಿಳಿಯಲು ಒಂದು ಮಳೆಗಾಲ ಧಾರಾವಿಯಲ್ಲಿ ಕಳೆಯಬೇಕಾಯಿತು.

ಡೆಕ್ಕಿನ ಮೇಲೆ ಚಾಪೆ ಹಾಸಿದವನೇ ಅಷ್ಟು ಜಾಗಕ್ಕೆ ಒಡೆಯ. ಬುತ್ತಿ ಅವರವರದು. ಹಡಗಿನ ಅಡಿಗೆಯನ್ನು ಎಷ್ಟೋ ಜನ ಮುಟ್ಟುತ್ತಿರಲಿಲ್ಲ. ಕೆಲವರಿಗೆ ದುಡ್ಡಿನ ಅಡ್ಡಿ, ಕೆಲವರಿಗೆ ಜಾತಿಯ ಅಡ್ಡಿ. ನಮ್ಮ ಹಳಬರ ಲೆಕ್ಕದಲ್ಲಿ ನೀರಿನಲ್ಲಿ ಬೇಯಿಸಿದ ಅನ್ನ ‘ಮುಸುರೆ’. ಅದನ್ನು ಕಂಡಕಂಡಲ್ಲಿ, ಕಂಡವರ ಕೈಯಿಂದ ಉಣ್ಣುವಂತಿಲ್ಲ. ಅವಲಕ್ಕಿ, ಹುರಿದದ್ದು, ಕರಿದದ್ದು, ಉಪ್ಪಿನಕಾಯಿ ಇವು ಮುಸುರೆಯಲ್ಲ. ಶಾಸ್ತ್ರಕ್ಕೂ ಸಮುದ್ರಕ್ಕೂ ಇಲ್ಲಿ ಒಂದು ರಾಜಿಯಾದಂತಿದೆ: ಯಾವುದು ಕೆಡದೆ ಮೂರು ದಿನ ಇರಬಲ್ಲುದೋ ಅದಕ್ಕೆ ಮೈಲಿಗೆಯೂ ಕಡಿಮೆ. ಮೀನುಗಾರರ ಗಂಟಿನಲ್ಲಿ ಒಣಮೀನು, ಉಳಿದವರಲ್ಲಿ ಕೋರಿ ರೊಟ್ಟಿ, ಪುನರ್ಪುಳಿ ಸಿಪ್ಪೆ, ಉಪ್ಪುನೀರಿನಲ್ಲಿ ಹಾಕಿದ ಹಲಸಿನ ತೊಳೆ. ಜಾತಿ ಯಾವುದಾದರೂ ಗಂಟು ಬಿಚ್ಚಿದರೆ ಉಪ್ಪು, ಹುಳಿ, ಖಾರ ಇವು ಮೂರು ಇದ್ದೇ ಇರುತ್ತಿದ್ದವು. ಗಾಳಿ ಎದ್ದು ಹೊಟ್ಟೆ ತೊಳಸತೊಡಗಿದಾಗ ಚಾಪೆಯಿಂದ ಚಾಪೆಗೆ ಶುಂಠಿಯ ಚೂರು, ಲಿಂಬೆ ಉಪ್ಪಿನಕಾಯಿ ಕೈ ಬದಲಾಯಿಸುತ್ತಿತ್ತು. ಆಗ ಯಾರ ಜಾತಿಯನ್ನೂ ಯಾರೂ ಕೇಳಲಿಲ್ಲ. ಶುಂಠಿಯ ಗುಣ ಅಜ್ಜಿಯಂದಿರ ಮೂಢನಂಬಿಕೆಯಲ್ಲ. 1988ರಲ್ಲಿ ಡೆನ್ಮಾರ್ಕಿನ ನೌಕಾದಳದ ತರಬೇತಿಯ ಹುಡುಗರಿಗೆ ಶುಂಠಿಯ ಪುಡಿ ಕೊಟ್ಟು ನೋಡಿದಾಗ ಅವರಲ್ಲಿ ವಾಂತಿ ಕಡಿಮೆಯಾಯಿತಂತೆ.

ಕಡಲಿಗೂ ಉಪ್ಪಿನಕಾಯಿಗೂ ಇರುವ ಈ ನಂಟು ನಿನ್ನೆ ಮೊನ್ನೆಯದಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಮೊರಾಕ್ಕೋ ದೇಶದ ಯಾತ್ರಿಕ ಇಬ್ನ್ ಬತೂತ ನಮ್ಮ ಹೊನ್ನಾವರಕ್ಕೆ ಬಂದಿದ್ದ. ಅಲ್ಲಿನ ಸುಲ್ತಾನನ ಮನೆಯ ಊಟವನ್ನು ಅವನು ಬಹಳ ಆಸೆಯಿಂದ ವರ್ಣಿಸಿದ್ದಾನೆ. ತಟ್ಟೆಗೆ ಅನ್ನ ಬಡಿಸಿ, ತುಪ್ಪ ಹಾಕಿ, ಮಗ್ಗುಲಲ್ಲಿ ಉಪ್ಪಿನಲ್ಲಿ ಹಾಕಿದ ಕರಿಮೆಣಸಿನ ಗೊಂಚಲು, ಹಸಿಶುಂಠಿ, ಲಿಂಬೆ, ಮಾವು ಇಡುತ್ತಿದ್ದರಂತೆ. ಆರೂವರೆ ಶತಮಾನ ಕಳೆದರೂ ಆ ಎಲೆಯ ತುದಿ ಬದಲಾಗಿಲ್ಲ. ಒಂದೇ ವ್ಯತ್ಯಾಸ: ಆಗ ಮೆಣಸಿನಕಾಯಿ ಇರಲಿಲ್ಲ. ಅದು ಅಮೆರಿಕದಿಂದ ಪೋರ್ತುಗೀಜರ ಹಡಗಿನಲ್ಲಿ ಬಂದದ್ದು. ನಾವು ‘ನಮ್ಮೂರಿನ ಖಾರ’ ಎಂದು ಎದೆ ತಟ್ಟಿಕೊಳ್ಳುವ ಬ್ಯಾಡಗಿಯ ಮೂಲವೂ ಹಡಗೇ ಎಂದ ಹಾಗಾಯಿತು. ಮುಂದೆ 1594ರ ಗುರುಲಿಂಗ ದೇಶಿಕನ ಲಿಂಗಪುರಾಣದಲ್ಲಿ ಐವತ್ತು ಬಗೆಯ ಉಪ್ಪಿನಕಾಯಿಗಳ ಮಾತು ಬರುತ್ತದೆಂದು ಆಹಾರದ ಇತಿಹಾಸ ಬರೆದ ಕೆ. ಟಿ. ಅಚಯ ಅವರು ಗುರುತಿಸಿದ್ದಾರೆ.

ಇದೇ ಇಬ್ನ್ ಬತೂತ ಕಲ್ಲಿಕೋಟೆಯಲ್ಲಿ ಚೀನಾದ ದೊಡ್ಡ ಹಡಗುಗಳನ್ನು ಕಂಡ. ಅವುಗಳಲ್ಲಿ ನಾವಿಕರು ಹೆಂಡಿರು ಮಕ್ಕಳೊಡನೆ ವಾಸಿಸುತ್ತಿದ್ದರು, ಮರದ ತೊಟ್ಟಿಗಳಲ್ಲಿ ಸೊಪ್ಪು ತರಕಾರಿಯನ್ನೂ ಶುಂಠಿಯನ್ನೂ ಬೆಳೆಸಿಕೊಳ್ಳುತ್ತಿದ್ದರು ಎಂದು ಬರೆದಿದ್ದಾನೆ. ಶುಂಠಿಯ ಗಿಡವನ್ನೇ ಹಡಗಿನಲ್ಲಿ ನೆಟ್ಟವರ ಮುಂದೆ ನಮ್ಮ ಅಕ್ಕನ ಡಬ್ಬಿ ಯಾವ ಲೆಕ್ಕ!

ಬಿಳಿಯರ ಹಡಗುಗಳಲ್ಲಿ ಇದು ನಾಲಗೆಯ ಮಾತಲ್ಲ, ಪ್ರಾಣದ ಮಾತಾಗಿತ್ತು. ತಿಂಗಳುಗಟ್ಟಲೆ ಒಣ ಬಿಸ್ಕತ್ತು, ಉಪ್ಪುಮಾಂಸ ತಿಂದು ಒಸಡು ಕೊಳೆತು ಸಾಯುವ ನಾವಿಕರು ಅಸಂಖ್ಯರು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಹನ್ನೆರಡು ರೋಗಿಗಳನ್ನು ಇಬ್ಬಿಬ್ಬರಂತೆ ವಿಂಗಡಿಸಿ ಒಂದೊಂದು ಜೋಡಿಗೆ ಒಂದೊಂದು ಮದ್ದು ಕೊಟ್ಟ. ಕಿತ್ತಳೆ, ಲಿಂಬೆ ತಿಂದವರು ಬೇಗ ಎದ್ದು ಕೂತರು. 1768ರಲ್ಲಿ ಹೊರಟ ಕ್ಯಾಪ್ಟನ್ ಕುಕ್ ತನ್ನ ಹಡಗಿಗೆ ಪೀಪಾಯಿಗಟ್ಟಲೆ ಹುಳಿ ಬರಿಸಿದ ಎಲೆಕೋಸನ್ನು ತುಂಬಿಸಿಕೊಂಡ. ನಾವಿಕರು ಮೂಗು ಮುರಿದರು. ಆತ ಒತ್ತಾಯ ಮಾಡಲಿಲ್ಲ. ದಿನವೂ ಅಧಿಕಾರಿಗಳ ಮೇಜಿಗೆ ಬಡಿಸಲು ಹೇಳಿದ. ದೊಡ್ಡವರು ತಿನ್ನುತ್ತಾರೆಂದ ಕೂಡಲೇ ಎಲ್ಲರಿಗೂ ಬೇಕಾಯಿತು, ಕೊನೆಗೆ ಅಳತೆಯಲ್ಲಿ ಹಂಚಬೇಕಾಯಿತು. ಮಕ್ಕಳಿಗೆ ಹಾಗಲಕಾಯಿ ತಿನ್ನಿಸಿದ ಯಾವ ತಾಯಿಗೂ ಈ ಉಪಾಯ ಹೊಸದಲ್ಲ.

ಇದೇ ಮುಂಬಯಿ ಬಂದರಿನಿಂದ 1888ರ ಸೆಪ್ಟೆಂಬರ್ 4ರಂದು ಹಡಗೇರಿ ಇಂಗ್ಲೆಂಡಿಗೆ ಹೊರಟ ಹದಿನೆಂಟರ ಯುವಕ ಮೋಹನದಾಸ ಗಾಂಧಿಯೂ ಊಟದ ಮೇಜಿಗೆ ಹೋಗಲು ಸಂಕೋಚಪಟ್ಟು, ಮನೆಯಿಂದ ತಂದ ಸಿಹಿತಿಂಡಿ ಹಣ್ಣುಗಳನ್ನೇ ಹೆಚ್ಚಾಗಿ ತಿಂದು ಕೋಣೆಯಲ್ಲೇ ಉಳಿದನೆಂದು ಆತ್ಮಕಥೆಯಲ್ಲಿದೆ. ಮುಳ್ಳುಚಮಚ ಹಿಡಿಯಲು ಬಾರದ್ದು, ಯಾವುದರಲ್ಲಿ ಮಾಂಸವಿದೆಯೆಂದು ಕೇಳಲು ನಾಲಗೆ ಏಳದ್ದು ಇವೇ ಕಾರಣ. ಗಂಟಿನಲ್ಲಿ ಮನೆಯದೇನಾದರೂ ಇರುವವನಿಗೆ ಪರರ ಮುಂದೆ ತಲೆ ತಗ್ಗಿಸುವ ಪ್ರಸಂಗ ಅಷ್ಟರ ಮಟ್ಟಿಗೆ ತಪ್ಪುತ್ತದೆ.

ಇನ್ನು ನಮ್ಮ ಭರಣಿಗೆ ಮರಳೋಣ. ಮುಂಬಯಿಗೆ ಬಂದ ಎಷ್ಟೋ ಹುಡುಗರನ್ನು ಈ ಊರಿನಲ್ಲಿ ನಿಲ್ಲಿಸಿದ್ದರಲ್ಲಿ ಆ ಭರಣಿಗೂ ಪಾಲಿದೆ ಎಂದು ನಾವು ಹೇಳುವುದಕ್ಕೆ ಕಾರಣ ಬರಿಯ ರುಚಿಯಲ್ಲ, ಪಂಚಾಂಗ. ಕರಾವಳಿಯ ಹಡಗುಗಳು ವರ್ಷವಿಡೀ ಓಡುತ್ತಿರಲಿಲ್ಲ. ಮೇ ತಿಂಗಳು ಮುಗಿಯುತ್ತ ಬಂದಂತೆ ಕಡಲು ಕೆರಳುತ್ತದೆ. ಪ್ರಯಾಣಿಕರ ಹಡಗು ನಿಲ್ಲುತ್ತದೆ. ಮತ್ತೆ ಹೊರಡುವುದು ಮಳೆ ಇಳಿದು ಕಡಲು ಶಾಂತವಾದ ಮೇಲೆ. ಶ್ರಾವಣದ ಹುಣ್ಣಿಮೆಗೆ ಕೋಳಿಗಳು ಕಡಲಿಗೆ ತೆಂಗಿನಕಾಯಿ ಅರ್ಪಿಸುವುದನ್ನು ಧಾರಾವಿಯ ಕೋಳಿವಾಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮಳೆಗಾಲದ ಕಡಲಿನೊಡನೆ ಆಟವಾಡಬಾರದೆಂಬುದಕ್ಕೆ ‘ರಾಮದಾಸ’ ಹಡಗು ಸಾಕ್ಷಿ. 1947ರ ಜುಲೈ 17ರಂದು ಮುಂಬಯಿಯಿಂದ ಹತ್ತಿರದ ರೇವಸಕ್ಕೆ ಹೊರಟ ಆ ಹಡಗು ಬಿರುಗಾಳಿಗೆ ಸಿಕ್ಕಿ ಮಗುಚಿ 600ಕ್ಕೂ ಹೆಚ್ಚು ಜನ ಸತ್ತರು. ಅದಾದ ಬಹಳ ವರ್ಷಗಳವರೆಗೆ ನಮ್ಮ ಕಡೆಯ ಮುದುಕಿಯರು ಮಕ್ಕಳನ್ನು ಕಳಿಸುವಾಗ ಆ ಹೆಸರು ಹೇಳಿ ಹೆದರುತ್ತಿದ್ದರು.

ಈಗ ಅಡಿಗೆಮನೆಯ ಪಂಚಾಂಗವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಮಾವಿನ ಮಿಡಿ ಸಿಗುವುದು ಮಾಘ ಫಾಲ್ಗುಣದಲ್ಲಿ. ತೊಟ್ಟು ಸಹಿತ ಕೊಯ್ದು, ಒರೆಸಿ, ಉಪ್ಪಿನಲ್ಲಿ ಹಾಕಿದರೆ ಉಪ್ಪು ಕಾಯಿಯೊಳಗಿನ ನೀರನ್ನೆಲ್ಲ ಹೊರಗೆಳೆಯುತ್ತದೆ; ಮಿಡಿ ಅಜ್ಜಿಯ ಕೆನ್ನೆಯಂತೆ ಸುಕ್ಕುಗಟ್ಟುತ್ತದೆ. ಆ ಉಪ್ಪುರಸದಲ್ಲಿ ಕೊಳೆಸುವ ಜೀವಾಣುಗಳು ಬದುಕಲಾರವು. ವಾರಗಳು ಕಳೆದ ಮೇಲೆ ಮೆಣಸು, ಸಾಸಿವೆ, ಅರಸಿನ ಅರೆದು ಹಾಕುತ್ತಾರೆ. ಅಷ್ಟರಲ್ಲಿ ಚೈತ್ರ ಬರುತ್ತದೆ. ಹಲಸಿನ ಕಾಯಿ ಬಲಿಯುತ್ತದೆ, ಅಂಗಳದಲ್ಲಿ ಹಪ್ಪಳ. ಅದರ ಹಿಂದೆಯೇ ಸಂಡಿಗೆ, ಮಜ್ಜಿಗೆಯಲ್ಲಿ ಅದ್ದಿ ಒಣಗಿಸಿದ ಮೆಣಸು. ವೈಶಾಖದ ಬಿಸಿಲಿನಲ್ಲಿ ಎಲ್ಲವೂ ಮುಗಿಯುತ್ತದೆ. ಆಗ ಬಂದರಿನಲ್ಲಿ ಕೊನೆಯ ಹಡಗುಗಳು ನಿಂತಿರುತ್ತವೆ. ಮಳೆಗಾಲಕ್ಕೆಂದು ಊರಿನಲ್ಲಿ ಕೂಡಿಡುವ ಸಾಮಾನು ಮಳೆಗಾಲಕ್ಕೆ ಸ್ವಲ್ಪ ಮೊದಲು ಸಿದ್ಧವಾಗಿ ಹಡಗು ಹತ್ತಬಲ್ಲದಾಗಿತ್ತು. ಇದು ಯಾರೂ ಯೋಜಿಸಿದ್ದಲ್ಲ, ತಾನಾಗಿ ಕೂಡಿ ಬಂದದ್ದು. ಆದರೆ ಆ ಕೊನೆಯ ಹಡಗನ್ನು ತಪ್ಪಿಸಿಕೊಂಡ ಭರಣಿ ಗಣಪತಿ ಹಬ್ಬದ ಆಚೆಗೇ ಸರಿ.

ಮಳೆಗಾಲದ ಆ ಮೂರು ನಾಲ್ಕು ತಿಂಗಳು ಮುಂಬಯಿಯ ಹುಡುಗನಿಗೆ ಊರೆಂದರೆ ಭರಣಿಯೇ. ಕಾಗದ ಬರುವುದು ತಡ, ಜನ ಬರುವುದಿಲ್ಲ. ಹೊಟೇಲಿನಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಕಪ್ಪು ಬಸಿ ತೊಳೆದು, ರಾತ್ರಿ ಅಂಗಡಿ ಮುಚ್ಚಿದ ಮೇಲೆ ಅದೇ ಮೇಜುಗಳನ್ನು ಜೋಡಿಸಿ ಮಲಗುವ ಮಾಣಿಗೆ ಸ್ವಂತದ್ದೆಂದು ಇದ್ದದ್ದು ಒಂದು ತಗಡಿನ ಪೆಟ್ಟಿಗೆ, ಒಂದು ಭರಣಿ. ಊರೆಲ್ಲ ಬಡಿಸುವವನಿಗೆ ತನ್ನ ತಟ್ಟೆಗೆ ಏನು ಎಂಬುದರಲ್ಲಿ ಆಯ್ಕೆಯಿರಲಿಲ್ಲ, ಭರಣಿಯೊಂದರಲ್ಲಿ ಇತ್ತು. ದಿನಕ್ಕೊಂದು ಮಿಡಿ ಎಂದು ಲೆಕ್ಕ ಹಾಕಿ ತಿಂದವರನ್ನು ನಾವು ಬಲ್ಲೆವು. ಒಬ್ಬರಂತೂ ಮಿಡಿಯ ಓಟೆಯನ್ನು ಚೀಪಿ ಮತ್ತೆ ಮರುದಿನದ ಗಂಜಿಗೆ ಇಟ್ಟುಕೊಳ್ಳುತ್ತಿದ್ದರಂತೆ. ಮುಂದೆ ಅವರು ತಮ್ಮದೇ ಹೊಟೇಲಿನ ಗಲ್ಲೆಯ ಮೇಲೆ ಕೂತಾಗಲೂ ಈ ಮಾತನ್ನು ಮುಚ್ಚಿಡಲಿಲ್ಲ. ಭರಣಿ ತಳ ಕಂಡಿತೆಂದರೆ ಊರಿಗೆ ಹೋಗುವ ಕಾಲ ಬಂತೆಂದು ಅರ್ಥ. ಖಾಲಿ ಭರಣಿ ಹಡಗಿನಲ್ಲಿ ಊರಿಗೆ ಹಿಂದಿರುಗಬೇಕು, ಅದು ಅಮ್ಮಂದಿರ ಕಟ್ಟಾಜ್ಞೆ. ಆದರೆ ಖಾಲಿ ಪಾತ್ರೆ ಕಳಿಸಬಾರದಲ್ಲ? ಆದ್ದರಿಂದ ಅದರಲ್ಲಿ ಮುಂಬಯಿಯ ಖರ್ಜೂರ ತುಂಬಿ ಕಳಿಸುತ್ತಿದ್ದರು.

1942ರಲ್ಲಿ ಎ. ರಾಮ ನಾಯಕರು ಮಾಟುಂಗಾ ಸ್ಟೇಷನ್ನಿನ ಮಗ್ಗುಲಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ತೆರೆದ ಮೇಲೆ ಬಾಳೆಲೆಯ ಊಟಕ್ಕೆ ಒಂದು ನೆಲೆಯಾಯಿತು. ಆದರೂ ದಿನನಿತ್ಯ ದುಡ್ಡು ಕೊಟ್ಟು ಉಣ್ಣಬಲ್ಲವರೆಷ್ಟು ಮಂದಿ? ಮಾಟುಂಗಾದ ರೈಲುದಾರಿ ದಾಟಿದರೆ ಧಾರಾವಿ. ಅಲ್ಲಿ ಭರಣಿಯೇ ಗತಿ.

ಧಾರಾವಿಯೆಂದರೆ ಈಗ ಊರೂರಿನವರು ಬಂದು ಪಟ ತೆಗೆಯುವ ಜಾಗ. ನಾವು ಬಂದಾಗ 1737ರಲ್ಲಿ ಇಂಗ್ಲಿಷರು ಕಟ್ಟಿದ ಕಾಳಾ ಕಿಲ್ಲೆ, ಅದರಾಚೆಗೆ ಮಾಹಿಮದ ಖಾಡಿಯ ಕೆಸರು, ಚರ್ಮ ಹದ ಮಾಡುವ ಕಾರಖಾನೆಗಳು, ಆ ವಾಸನೆ. ನಮ್ಮ ಅಮ್ಮ ಮೊದಲ ದಿನ ಮೂಗಿಗೆ ಸೆರಗು ಹಿಡಿದವಳು ವಾರ ಕಳೆಯುವ ಮೊದಲೇ ಕೈಬಿಟ್ಟಳು. ಬಾಂದ್ರಾದ ಕಸಾಯಿಖಾನೆಯಿಂದ ಬರುವ ಹಸಿ ಚರ್ಮಕ್ಕೆ ರಾಶಿ ರಾಶಿ ಉಪ್ಪು ಸವರುತ್ತಿದ್ದರು. ಆ ಕಸಾಯಿಖಾನೆ 1971ರಲ್ಲಿ ದೇವನಾರಕ್ಕೆ ಹೋಯಿತು. ಉಪ್ಪು ಚರ್ಮಕ್ಕೆ ಮಾಡುವುದೂ ಮಿಡಿಗೆ ಮಾಡುವುದೂ ಒಂದೇ ಕೆಲಸ: ನೀರೆಳೆಯುವುದು, ಕೊಳೆಯಲು ಬಿಡದಿರುವುದು. ಇದನ್ನು ಹೇಳಿದಾಗ ಅಮ್ಮ ನಮ್ಮನ್ನು ಊಟದಿಂದ ಎಬ್ಬಿಸಿ ಕೈ ತೊಳೆಯಲು ಅಟ್ಟಿದ್ದಳು.

ಕುಂಬಾರವಾಡೆ ನಮ್ಮಿಂದ ಕೂಗಳತೆ. ಅಲ್ಲಿ ಗುಜರಾತಿನ ಕುಂಬಾರರು ಸಾಲು ಸಾಲಾಗಿ ಮಡಕೆ ಸುಡುವಾಗ, ಊರಿನಿಂದ ಭಾರದ ಭರಣಿಯನ್ನೇಕೆ ಹೊರಬೇಕು, ಇಲ್ಲಿಯೇ ಮಡಕೆ ಕೊಳ್ಳಬಾರದೇ ಎಂದು ತಂದೆಯವರು ಒಮ್ಮೆ ಕೇಳಿದರು. ಅಮ್ಮ ಒಂದು ಮಡಕೆಯಲ್ಲಿ ಹಾಕಿ ತೋರಿಸಿದಳು. ತಿಂಗಳೊಳಗೆ ಮಡಕೆಯ ಹೊರಮೈಯಲ್ಲಿ ಉಪ್ಪು ಬಿಳಿ ಬಿಳಿಯಾಗಿ ಬೆವರಿತು. ಮೆರುಗು ಹಾಕದ ಮಣ್ಣಿಗೆ ಉಪ್ಪುರಸವನ್ನು ಹಿಡಿದಿಡುವ ಶಕ್ತಿಯಿಲ್ಲ. ಪಿಂಗಾಣಿಯ ಭರಣಿಯೇ ಬೇಕು.

ನಮ್ಮ ಗೋಡೆಗೆ ಗೋಡೆ ತಾಗಿದ ಖೋಲಿಯಲ್ಲಿದ್ದವರು ಕಲಬುರ್ಗಿಯ ಕಡೆಯವರು. ಅವರು ಕನ್ನಡಿಗರೆಂದು ನಮಗೆ, ನಾವು ಕನ್ನಡಿಗರೆಂದು ಅವರಿಗೆ ನಂಬಿಕೆ ಬರಲು ಕೆಲವು ದಿನ ಹಿಡಿಯಿತು. ಅವರದು ರೈಲಿನ ದಾರಿ. 1871ರಲ್ಲಿಯೇ ಮುಂಬಯಿಯ ರೈಲು ರಾಯಚೂರಿಗೆ ಮುಟ್ಟಿದ್ದರಿಂದ ಕಲಬುರ್ಗಿ, ರಾಯಚೂರಿನವರಿಗೆ ಕಡಲಿನ ಗೊಡವೆಯೇ ಇರಲಿಲ್ಲ. ಬರಗಾಲ ಬಂದಾಗಲೆಲ್ಲ ಗಂಟು ಕಟ್ಟಿ ಹೊರಟು ಬಂದರು. ಅವರ ಗಂಟಿನಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆಂಪು ಮೆಣಸಿನಕಾಯಿ ಕುಟ್ಟಿದ ರಂಜಕ. ಆ ಮನೆಯ ಹೆಂಗಸು ಒಂದು ಮಧ್ಯಾಹ್ನ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತು, “ಅಕ್ಕಾರ, ಈಟು ರಂಜಕ ತಗೋರಿ. ನಿಮ್ಮ ಮನ್ಯಾಗಿಂದ ಅದೇನೋ ವಾಸನಿ ಬರ್ತೈತಲ್ಲ, ಅದನ್ನೀಟು ಕೊಡ್ರಿ,” ಎಂದಳು. ಆ ಬಟ್ಟಲು ಆಮೇಲೆ ನಲವತ್ತು ವರ್ಷ ಓಡಾಡಿತು. ನಾವು ರೊಟ್ಟಿ ಮುರಿಯಲು ಕಲಿತದ್ದು, ಆ ಮನೆಯ ಮಕ್ಕಳು ಕುಚ್ಚಲಕ್ಕಿ ಗಂಜಿ ಉಣ್ಣಲು ಕಲಿತದ್ದು ಹೀಗೆ. ಕರ್ನಾಟಕದ ಏಕೀಕರಣ 1956ರಲ್ಲಿ ಆಯಿತೆಂದು ಶಾಲೆಯಲ್ಲಿ ಓದಿದ್ದೇವೆ. ನಮ್ಮ ಓಣಿಗೆ ಅದು ಸ್ವಲ್ಪ ತಡವಾಗಿ ಬಂತು.

ಧಾರಾವಿಯ ಹೆಂಗಸರು ಹಪ್ಪಳ ಲಟ್ಟಿಸಿ ಸಂಸಾರ ನಡೆಸುವುದು ಎಲ್ಲರಿಗೂ ಗೊತ್ತು. ಗಿರಗಾಂವಿನಲ್ಲಿ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ತೆಗೆದು ಲಿಜ್ಜತ್ ಪಾಪಡ್ ಆರಂಭಿಸಿದ್ದೂ ನಾವು ಹಡಗಿಳಿದ ಅದೇ 1959ರಲ್ಲಿ, ಮಾರ್ಚ್ 15ರಂದು. ಧಾರಾವಿಯಲ್ಲಿ ಅಂಗಳವಿಲ್ಲ. ಆದ್ದರಿಂದ ಬುಟ್ಟಿಗಳನ್ನು ಬೋರಲು ಹಾಕಿ ಅವುಗಳ ಬೆನ್ನ ಮೇಲೆ ಹಪ್ಪಳ ಒಣಗಿಸುತ್ತಾರೆ. ಅಮ್ಮ ಇದನ್ನು ನೋಡಿ ತನ್ನ ಹಲಸಿನ ಹಪ್ಪಳಕ್ಕೂ ಅದೇ ಉಪಾಯ ಹಿಡಿದಳು.

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರು ಮಳೆ ಬಿದ್ದು ಮೀಠಿ ನದಿ ಉಕ್ಕಿದಾಗ ನಮ್ಮ ಓಣಿಯಲ್ಲಿ ಎದೆಮಟ್ಟದ ನೀರು. ಅಕ್ಕಿ, ಬೇಳೆ, ಹಾಸಿಗೆ, ಮಕ್ಕಳ ಪುಸ್ತಕ ಎಲ್ಲ ಹೋಯಿತು. ಅಟ್ಟದ ಮೇಲೆ, ಇಲ್ಲಿನವರ ಮಾತಿನಲ್ಲಿ ಪೋಟಮಾಳಾದ ಮೇಲೆ, ಎರಡು ಭರಣಿ ಉಳಿದವು. ಮರುದಿನ ಎಲ್ಲಿಂದಲೋ ಅನ್ನ ಬಂತು, ಬರಿಯ ಅನ್ನ. ಅಕ್ಕ ಅಟ್ಟ ಹತ್ತಿ ಭರಣಿ ಇಳಿಸಿ, ಓಣಿಯ ಬಾಗಿಲು ಬಾಗಿಲಿಗೆ ಹೋಗಿ ತಮಿಳರು, ಮುಸಲ್ಮಾನರು, ಮರಾಠಿಗರು ಎನ್ನದೆ ತಲೆಗೊಂದು ಮಿಡಿ ಹಾಕಿ ಬಂದಳು. ಒಂದು ವರ್ಷದ ಭರಣಿ ಅರ್ಧ ಗಂಟೆಯಲ್ಲಿ ಬರಿದಾಯಿತು. ಅಮ್ಮ ಅಷ್ಟರಲ್ಲಿ ತೀರಿಕೊಂಡಿದ್ದಳು. ಇದ್ದಿದ್ದರೆ ಮೊದಲು ಬೈದು ಆಮೇಲೆ ತಾನೇ ಬಡಿಸುತ್ತಿದ್ದಳು.

ಹಡಗುಗಳ ಕಾಲ ಅದಕ್ಕೂ ಬಹಳ ಮೊದಲೇ ಮುಗಿದಿತ್ತು. ನದಿಗಳಿಗೆ ಒಂದೊಂದಾಗಿ ಸೇತುವೆಗಳಾದವು, ಬಸ್ಸುಗಳು ಹಡಗಿನ ಜನರನ್ನು ಎಳೆದುಕೊಂಡವು. 1998ರ ಜನವರಿ 26ರಂದು ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದ ಮೇಲೆ ಸಂಜೆ ಊರಿನಲ್ಲಿ ಹೊರಟವರು ಬೆಳಿಗ್ಗೆ ಮುಂಬಯಿಯಲ್ಲಿ ಚಹಾ ಕುಡಿಯುವಂತಾಯಿತು. ಮಾಟುಂಗಾದ ಅಂಗಡಿಗಳಲ್ಲಿ ಎಲ್ಲ ತರದ ಉಪ್ಪಿನಕಾಯಿ ಸಿಗುತ್ತದೆ. ಯಾವ ತಿಂಗಳಲ್ಲಿ ಬೇಕಾದರೂ ಕೊಳ್ಳಬಹುದಾದ್ದರಿಂದ ಅದಕ್ಕಾಗಿ ಕಾಯುವವರಿಲ್ಲ. ಇದು ಒಳ್ಳೆಯದಲ್ಲವೆಂದು ನಾವು ಹೇಳುವುದಿಲ್ಲ. ಏಣಿಯ ಬುಡದಲ್ಲಿ ಅತ್ತ ಆ ತಾಯಿಯನ್ನು ನೋಡಿದವರು ಹಾಗೆ ಹೇಳಲಾರರು.

ಧಾರಾವಿಯೂ ಬದಲಾಗುವ ಹಾದಿಯಲ್ಲಿದೆ. 2024ರ ಮಾರ್ಚಿನಲ್ಲಿ ಪುನರಭಿವೃದ್ಧಿಗಾಗಿ ಮನೆಮನೆಯ ಸಮೀಕ್ಷೆ ಆರಂಭವಾಯಿತು. 2000ದ ಜನವರಿ 1ರ ಮೊದಲಿನಿಂದ ನೆಲದ ಮೇಲಿನ ಮನೆಯಲ್ಲಿ ಇದ್ದವರಿಗೆ ಧಾರಾವಿಯಲ್ಲೇ 350 ಚದರಡಿಯ ಮನೆಯೆಂದು ಹೇಳಿದ್ದಾರೆ. ಮೇಲಿನ ಮಾಳಿಗೆಯವರ ಲೆಕ್ಕ ಬೇರೆ, ಅವರಿಗೆ ಧಾರಾವಿಯ ಹೊರಗೆ. ಅಳೆಯಲು ಬಂದ ಹುಡುಗ ಅಟ್ಟದ ಕಡೆ ಕೈ ತೋರಿಸಿ ಅಲ್ಲಿ ಯಾರಿರುತ್ತಾರೆಂದು ಕೇಳಿದಾಗ, “ಭರಣಿ,” ಎಂದಳು ಅಕ್ಕ. ಅವನು ಅದನ್ನು ಯಾರದೋ ಹೆಸರೆಂದು ತಿಳಿದು ಬರೆದುಕೊಳ್ಳಹೊರಟನಂತೆ. ಹತ್ತನೆಯ ಹದಿನೈದನೆಯ ಮಹಡಿಯ ಮನೆಯಲ್ಲಿ ಹಪ್ಪಳದ ಬುಟ್ಟಿ ಎಲ್ಲಿ ಬೋರಲು ಹಾಕುವುದೆಂದು ನಮ್ಮ ಓಣಿಯ ಹೆಂಗಸರು ಕೇಳುತ್ತಿದ್ದಾರೆ. ತಮಾಷೆಗಲ್ಲ, ಅದು ಅವರ ಅನ್ನ.

ವಿಹಾರದ ಹಡಗಿಗೆ ಬೀಳ್ಕೊಡಲು ನಾವೂ ಹೋಗಿದ್ದೆವು. ತಪಾಸಣೆಯ ಬಾಗಿಲಲ್ಲಿ ಡಬ್ಬಿಯನ್ನು ತಡೆದರು. ಅಂಗಡಿಯಲ್ಲಿ ಮೊಹರಾದ ಸೀಸೆಯಾದರೆ ಸರಿ, ಮನೆಯಲ್ಲಿ ಮಾಡಿದ್ದು ಒಳಗೆ ಹೋಗುವಂತಿಲ್ಲ ಎಂದರು. ಸಾವಿರಾರು ಜನ ಉಣ್ಣುವ ಹಡಗಿನಲ್ಲಿ ಒಬ್ಬರ ಹೊಟ್ಟೆ ಕೆಟ್ಟರೆ ಎಲ್ಲರಿಗೂ ಕಷ್ಟ, ನಿಯಮಕ್ಕೆ ಕಾರಣವಿದೆ. ಆದರೂ 1959ರಲ್ಲಿ ಅಮ್ಮನ ಸೊಂಟದಿಂದ ಯಾರೂ ಬಿಡಿಸದ ಭರಣಿಯ ಮಗಳು ಇದು. ಅಕ್ಕ ಬಾಯಿ ಬಿಡದೆ ಡಬ್ಬಿಯನ್ನು ನಮ್ಮ ಕೈಗಿತ್ತು ಒಳಗೆ ಹೋದಳು.

ಮೂರನೆಯ ದಿನ ಮರಳಿದಳು. ಹಡಗು ಹೇಗಿತ್ತೆಂದು ಕೇಳಿದೆವು. “ಚಂದ ಉಂಟು. ಅಲ್ಲಾಡ್ಲೇ ಇಲ್ಲ. ಹಡಗಿನ ಹಾಗೇ ಅನಿಸ್ಲಿಲ್ಲ,” ಎಂದಳು. ಊಟ? “ಎಲ್ಲ ಇತ್ತು. ಎಲ್ಲದಕ್ಕೂ ಒಂದೇ ಖಾರ.” ಮತ್ತೆ ಕೈ ಚಾಚಿ, “ಡಬ್ಬಿ ಎಲ್ಲಿ?” ಎಂದಳು.

ಕೊಟ್ಟೆವು. ಅವಳು ಮುಚ್ಚಳ ತೆಗೆದು ಸೌಟಿನ ತುದಿಯಿಂದ ಒಂದೊಂದೇ ಸರಿಸಿ ನೋಡಿದಳು.

“ಹದಿನಾರು ಹಾಕಿದ್ದೆ,” ಎಂದಳು. “ಒಂಬತ್ತು ಉಂಟು.”